ತೇಲಿ ಬಂದ ತೊಂದೊರು

ಕೊಟ್ಟಾರ ಚೌಕಿಯಿಂದ ಮೇಲೆ ಹತ್ತಲು
ರಿಕ್ಷಾದ ಝುಬೇರ್ ಒಪ್ಪಲಿಲ್ಲ.
"ಅರ್ಧದವರೆಗೆ ಬಿಡ್ತೇನೆ ಅಕ್ಕ, ಅಲ್ಲಿಂದ ಮೇಲೆ
ಗಾಡಿ ಹಿಂದೆ ಹಿಂದೆ ಬರ್ತದೆ."
ನನ್ನ ಮಡಿಲಲ್ಲಿ ಅಲ್ಯುಮಿನಿಯಂ ತೊಂದೊರು,
ಒಳಗೆ ಬಿಸಿ ಪತ್ರೊಡೆ,
ಹೊರಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು:
ಸೆವ್ರಿನ್ ಮೊಂತೇರೊ, ೧೯೮೭.

ಹೆಸರಿರುವ ಪಾತ್ರೆಯನ್ನು ಎರಡು ಮಳೆಗಾಲ ಇಟ್ಟುಕೊಂಡೆ.
ಕದ್ದದ್ದಲ್ಲ.
ಆ ರಾತ್ರಿ ತೋಡು ಉಕ್ಕಿ
ನೀರು ಮಂಚದ ಕಾಲು ಹಿಡಿದಾಗ
ಅವರ ಅಡುಗೆಮನೆಯಿಂದ ತಾನೇ ಹೊರಟು,
ಗೇಟು ದಾಟಿ, ಬಲಕ್ಕೆ ತಿರುಗಿ,
ನನ್ನ ಮೆಟ್ಟಿಲಿಗೆ ಟಣ್ ಎಂದು ತಾಗಿ ನಿಂತದ್ದು,
ಮುಚ್ಚಳ ಸಮೇತ,
ಗುರುತಿದ್ದವರ ಮನೆಗೆ ಬಂದ ಹಾಗೆ.

ಮರುವಾರ ಬಾಯಿ ಟೆಂಪೋ ತರಿಸಿ
ಒದ್ದೆ ಹಾಸಿಗೆ, ಏಸುವಿನ ಪಟ, ಹೊಲಿಗೆ ಯಂತ್ರ
ಹೇರಿಕೊಂಡು ಕೊಂಚಾಡಿ ಗುಡ್ಡೆಗೆ ಹೋದರು.
ನಾನು ಕೈ ಬೀಸಿದೆ. ತೊಂದೊರಿನ ಮಾತು ಎತ್ತಲಿಲ್ಲ.
ಸುಳ್ಳು ಯಾಕೆ,
ನಮ್ಮ ಪುಂಡಿ ಅದರಲ್ಲಿ ಚೆನ್ನಾಗಿ ಬೇಯುತ್ತಿತ್ತು.

ಗುಡ್ಡೆಯಲ್ಲಿ ದಾರಿ ಹೇಳುವವರು
ಇಲ್ಲದ್ದನ್ನೇ ತೋರಿಸುತ್ತಾರೆ.
"ಗೇರು ಮರ ಇತ್ತಲ್ಲ, ಅದರ ಎಡಕ್ಕೆ."
ಗೇರು ಮರದ ಜಾಗದಲ್ಲಿ ಐದು ಮಾಳಿಗೆ,
ಬಾಲ್ಕನಿಯಲ್ಲಿ ಒಂದು ಸೈಕಲ್ಲು.
"ಹಂಚಿನ ಕಾರ್ಖಾನೆಯ ಚಿಮಿಣಿ ಕಾಣುವಲ್ಲಿ ನಿಲ್ಲಿ."
ನಿಂತೆ. ಚಿಮಿಣಿ ಕಾಣಲಿಲ್ಲ,
ಉಸಿರು ಮಾತ್ರ ವಾಪಸು ಸಿಕ್ಕಿತು.

ಇಲ್ಲಿ ಒಬ್ಬರ ಅಂಗಳದ ಸಮಕ್ಕೆ ಇನ್ನೊಬ್ಬರ ತಾರಸಿ.
ಮೇಲಿನವರ ಕರಿಬೇವು
ಕೆಳಗಿನವರ ಟ್ಯಾಂಕಿನ ಮೇಲೆ ಎಲೆ ಉದುರಿಸುತ್ತದೆ.
ಜೆಸಿಬಿ ಕೊಚ್ಚಿದ ಮುರಕಲ್ಲಿನ ಬರೆ
ಇನ್ನೂ ಹಸಿ, ಮಾಂಸದ ಬಣ್ಣ.
ನೀಲಿ ಟಾರ್ಪಾಲು ಹೊದಿಸಿ, ಅಂಚಿಗೆ ಮರಳಿನ ಚೀಲ ಇಟ್ಟಿದ್ದಾರೆ,
ಜ್ವರದವರಿಗೆ ಕಂಬಳಿ ಸಿಕ್ಕಿಸಿದ ಹಾಗೆ.
ಕಪ್ಪು ಪೈಪುಗಳು ಮೆಟ್ಟಿಲ ಪಕ್ಕದಲ್ಲೇ
ನನ್ನ ಜೊತೆ ಹತ್ತುತ್ತಿದ್ದವು.

ಬರ್ಮುಡಾ ತೊಟ್ಟ ಮುದುಕರೊಬ್ಬರು
ಗೇಟಿನ ತಿರುಗಣೆಗೆ ಎಣ್ಣೆ ಬಿಡುತ್ತಾ
"ಯಾರು ಬೇಕಿತ್ತು?" ಎಂದರು.
ಮಾತಾಡಲು ಉಸಿರಿಲ್ಲದೆ ತೊಂದೊರು ಎತ್ತಿ ತೋರಿಸಿದೆ.
ಕನ್ನಡಕ ಸರಿಮಾಡಿ ಚುಕ್ಕಿಗಳನ್ನು ಓದಿದರು.
"ಓ, ಬಾಯಿಯಾ? ಇನ್ನೊಂದು ನಲ್ವತ್ತು ಮೆಟ್ಟಿಲು."

ಬಾಗಿಲು ತೆಗೆದ ಸೆವ್ರಿನ್ ಬಾಯಿ
ಮೊದಲು ಪಾತ್ರೆಯನ್ನು ನೋಡಿದರು, ಆಮೇಲೆ ನನ್ನನ್ನು.
ನಾನು ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತು
ಯಾವ ಮೆಟ್ಟಿಲಲ್ಲಿ ಬಿತ್ತೋ.
ಅವರು ಮುಚ್ಚಳ ತೆಗೆದು, ಮೂಸಿ,
"ಕೆಸು ತುರಿಸುದಿಲ್ಲ ತಾನೆ?" ಎಂದರು.

ನೀರು ಕೇಳಿದೆ. ಅರ್ಧ ಲೋಟ ಕೊಟ್ಟರು.
"ಕೆಳಗೆ ಕರೀದೆ ಬರ್ತಿತ್ತು. ಇಲ್ಲಿ ರಾತ್ರಿ ಎರಡಕ್ಕೆ
ಎದ್ದು ಕಾಯ್ಬೇಕು."

ಆಮೇಲೆ ತಾರಸಿ. ಹತ್ತು ದಿನದ ಮಳೆ ಬಿಟ್ಟ ಬಿಸಿಲು.
ದೂರದಲ್ಲಿ ಕಡಲು ಇತ್ತು; ಅದನ್ನು ತೋರಿಸಲಿಲ್ಲ.
"ಅಲ್ಲಿ, ಆ ಎರಡು ತೆಂಗಿನ ನಡುವೆ."
ನೋಡಿದರೆ ನನ್ನ ಮನೆ,
ಬೆಂಕಿಪೆಟ್ಟಿಗೆಯಷ್ಟು.
ತಂತಿಯಲ್ಲಿ ನನ್ನ ಹಸಿರು ನೈಟಿ
ಒಂದೇ ಕ್ಲಿಪ್ಪಿನಲ್ಲಿ ಗಿರಗಿರ ತಿರುಗುತ್ತಿತ್ತು.

"ಹೋದ ತಿಂಗಳು ಮೂರು ದಿನ ಬಟ್ಟೆ ಹಾಕ್ಲಿಲ್ಲ ನೀನು.
ಜ್ವರವಾ ಅಂತ ಗ್ರಹಿಸಿದೆ."
ಜ್ವರವೇ.
ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಪ್ಲೇಟು ತರಲು ಒಳಗೆ ಹೋಗುತ್ತಾ,
ತಿರುಗದೆ, ಸೆರಗಿಗೆ ಕೈ ಒರೆಸುತ್ತಾ ಹೇಳಿದರು:
"ತೊಳೆದು ಕವುಚಿ ಹಾಕಿದ ಅಲ್ಯುಮಿನಿಯಂ ಉಂಟಲ್ಲ,
ಬಿಸಿಲಿಗೆ ಭಾರಿ ಹೊಳೀತದೆ ಮಾರಾಯ್ತಿ."

ಇಳಿಯುವಾಗ ಝುಬೇರ್ ಬೇಕಾಗಲಿಲ್ಲ,
ಕಾಲು ತಾವೇ ಓಡಿದವು.
ಸಂಜೆ ಅಂಗಳದಲ್ಲಿ ನಿಂತು ಗುಡ್ಡೆ ನೋಡಿದೆ.
ನೂರಾರು ದೀಪ. ಅವರದ್ದು ಯಾವುದೋ.
ನೈಟಿಗೆ ಎರಡನೇ ಕ್ಲಿಪ್ಪು ಹಾಕಿದೆ.
ಅದು ಆಗಲೇ ಒಣಗಿತ್ತು.
ಆದರೂ.