ಹದಿಮೂರನೆಯ ಗಂಟು

ಓರ್ಖೋನ್ ಹೊಳೆಯ ದಂಡೆಗೆ ಬೇಸಿಗೆ ಬಂದರೆ
ನನ್ನ ಶಾಲೆಯೂ ಬರುತ್ತದೆ, ಲಾರಿಯ ಬೆನ್ನೇರಿ.
ಮರದ ಜಾಲರಿ ಬಿಚ್ಚಿ, ಉಣ್ಣೆಗಂಬಳಿ ಹೊದಿಸಿ
ಮಧ್ಯಾಹ್ನದೊಳಗೆ ಗುಂಡುಗುಡಾರ ಎದ್ದಿತೆಂದರೆ
ಹನ್ನೊಂದು ಮಕ್ಕಳು, ಒಂದು ಒಲೆ.
ಕರಿಹಲಗೆ ಹೋದ ವರ್ಷ ಹೊಳೆ ದಾಟುವಾಗ ಬಿದ್ದುಹೋಯಿತು.
ಬೇರೆಯದು ಕೇಳಲಿಲ್ಲ ನಾನು.

ಇರುವುದು ಒಂದು ಚೀಲ ಕುರಿಯ ಕೀಲೆಲುಬು.
ಹಿಂಗಾಲು ಮಡಚುವಲ್ಲಿ ಸಿಗುವ ಸಣ್ಣ ತುಂಡು;
ಅಜ್ಜಂದಿರು ತಿಂದು, ಅಜ್ಜಿಯರು ಕುದಿಸಿ ತಿಕ್ಕಿ,
ನಾಲ್ಕು ತಲೆಮಾರಿನ ಅಂಗೈ ಸವರಿ ಸವರಿ
ಬೆಣ್ಣೆಯ ಹಾಗೆ ನುಣುಪಾದದ್ದು.
ಎಸೆದರೆ ಒಂದು ಮಗ್ಗುಲು ಕುರಿ, ಒಂದು ಮೇಕೆ,
ಒಂದು ಕುದುರೆ, ಒಂದು ಒಂಟೆ.
ಇಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸುವುದಿಲ್ಲ.

ಅವತ್ತು ಗಾಳಿ ಜೋರು. ಒಳಗೇ ಆಟ.
ಆರು ವರ್ಷದ ನೊಮಿಂದಾರಿ ಮುಖ ಊದಿಸಿಕೊಂಡಳು:
"ನನಗೆ ಒಂಟೆ ಯಾಕೆ ಬೀಳುವುದೇ ಇಲ್ಲ?"
ಹೇಳಬಹುದಿತ್ತು. ನಾಲಗೆಯ ತುದಿಯಲ್ಲೇ ಇತ್ತು.
ಉಪ್ಪುಚಹಾದ ಗುಟುಕಿನ ಜೊತೆ ಅದನ್ನೂ ನುಂಗಿದೆ.
"ಎಷ್ಟು ಸಲ ಎಸೆದೆ?"
"ತುಂಬಾ."
"ತುಂಬಾ ಅಂದರೆ?"

ತುಂಬಾ ಅಂದರೆ ಎಷ್ಟೆಂದು ನೋಡಲು
ಹೊಳೆಯಿಂದ ಕಲ್ಲು ಬಂತು, ಉಡಿ ತುಂಬ.
ಕುರಿ ಬಿದ್ದರೆ ಒಲೆಯ ಪಕ್ಕ ಒಂದು ಕಲ್ಲು,
ಮೇಕೆಗೆ ಬಾಗಿಲ ಬಳಿ, ಕುದುರೆಗೆ ನನ್ನ ಬೂಟಿನೊಳಗೆ,
ಒಂಟೆಗೆ ಅವಳ ಟೋಪಿ.
ಎಣಿಕೆ ತಪ್ಪಿತು. ಜಗಳವಾಯಿತು.
ನಿಜದ ಮೇಕೆಮರಿಯೊಂದು ನುಗ್ಗಿ
ಮೇಕೆಗಳ ರಾಶಿಯನ್ನೇ ಚೆಲ್ಲಾಪಿಲ್ಲಿ ಮಾಡಿತು.
ಮತ್ತೆ ಒಂದರಿಂದ.
ಸಂಜೆಗೆ ನೂರು. ಟೋಪಿಯಲ್ಲಿ ಹನ್ನೆರಡು.

"ನಮ್ಮ ಕಣಿವೆಯಲ್ಲಿ ಒಂಟೆ ಕಡಿಮೆ, ಅದಕ್ಕೇ," ಎಂದಳು.
ಎಲ್ಲರೂ ತಲೆಯಾಡಿಸಿದರು.
ಕಣಿವೆಯಲ್ಲಿರುವುದು ಎರಡೇ ಒಂಟೆ, ಅದರಲ್ಲೊಂದು ಕುಂಟು.

ಮಾತೇ ಆಡದ ತುಗುಲ್ದೂರ್ ಮಾತ್ರ
ಒಲೆಯ ಹತ್ತಿರ ಹೋಗಿ ಹಿಟ್ಟಿನ ಮುದ್ದೆ ಕದ್ದ.
(ರಾತ್ರಿಯ ಅಡುಗೆಯದು. ಬೈಯಲಿಲ್ಲ.)
ಕುರಿ ಮೇಲಾಗಿಸಿ ಎಲುಬನ್ನು ಒತ್ತಿದ,
ಮೇಕೆ ಮೇಲಾಗಿಸಿ ಒತ್ತಿದ, ಕುದುರೆ, ಆಮೇಲೆ ಒಂಟೆ.
ಹಿಟ್ಟಿನಲ್ಲಿ ನಾಲ್ಕು ಹೆಜ್ಜೆಗುರುತು.
ಕೊನೆಯದರ ಮೇಲೆ ಕಿರುಬೆರಳಿಟ್ಟ.
"ಒಂಟೆಗೆ ನಿಲ್ಲಲು ಜಾಗ ಸಣ್ಣದು," ಎಂದ.
ಆ ಬೇಸಿಗೆಯಲ್ಲಿ ಅವನಾಡಿದ ಅತಿ ಉದ್ದದ ಮಾತು.

ನೊಮಿಂದಾರಿ ಒಪ್ಪಲಿಲ್ಲ. ಯಾಕೆ ಒಪ್ಪಬೇಕು?
"ಗೋಬಿಯಲ್ಲಿ ನಮ್ಮಜ್ಜನ ಹತ್ತಿರ ಅರವತ್ತು ಒಂಟೆ.
ಅಲ್ಲಿ ಎಸೆದು ನೋಡುತ್ತೇನೆ. ಆಮೇಲೆ ಮಾತು."
ರಾಶಿಯಲ್ಲಿ ಹುಡುಕಿ ಹುಡುಕಿ ಅದೇ ಎಲುಬನ್ನು ತೆಗೆದಳು.
ಬೇರೆಯದಾದರೆ ಮೋಸವಾಗುತ್ತದಂತೆ.
ಅವಳೇ ಹೇಳಿದ್ದು, ನಾನಲ್ಲ.

ಹುಲ್ಲು ಹಳದಿಯಾಯಿತು. ಗುಡಾರ ಮಡಚಿದೆವು.

ಹೊಳೆಯ ಮೇಲೆ ಕುದುರೆ ಓಡುವಷ್ಟು ಹಿಮ ಗಟ್ಟಿಯಾದ ಮೇಲೆ
ಕಲ್ಲಿದ್ದಲ ಲಾರಿಯವನು ನನ್ನ ಕೋಣೆಗೆ
ಒಂದು ಹುರಿ ತಂದುಕೊಟ್ಟ. ಒಂಟೆಕೂದಲದ್ದು.
ಕಾಗದವಿಲ್ಲ, ಅಕ್ಷರವಿಲ್ಲ.
"ನೂರು ಸಲವಂತೆ. ಅಜ್ಜ ಜೊತೆಗೆ ಕೂತು ಎಣಿಸಿದ್ದಾನಂತೆ.
ಹಾಗೆಂದರೆ ನಿಮಗೆ ತಿಳಿಯುತ್ತದಂತೆ."
ಉದ್ದಕ್ಕೂ ಗಂಟು. ಬೆರಳಾಡಿಸಿದೆ:
ಹತ್ತು, ಹನ್ನೊಂದು, ಹನ್ನೆರಡು,
ಹದಿಮೂರು.
ಹದಿಮೂರನೆಯದನ್ನು ಮಾತ್ರ ಎರಡು ಸುತ್ತು ಹಾಕಿ
ಹಲ್ಲಿನಿಂದ ಎಳೆದು ಬಿಗಿದಿದ್ದಾಳೆ, ನೋಡಲಿ ಎಂದು.

ಇಪ್ಪತ್ತಾರು ವರ್ಷ ಪಾಠ ಹೇಳಿದ್ದೇನೆ.
ಒಂದೇ ಒಂದು ಹೆಚ್ಚಾದ ಒಂಟೆಗೆ ಏನು ಹೇಳುವುದು?

ಹೊರಗೆ ನಾಯಿಗಳೂ ಬೊಗಳದಷ್ಟು ಚಳಿ.
ದೀಪದ ಕೆಳಗೆ ಕಂಬಳಿ ಹಾಸಿ ಕೂತಿದ್ದೇನೆ.
ನನ್ನ ಕೈಯಲ್ಲಿರುವುದು ಬೇರೆ ಎಲುಬು; ಮೋಸವೆಂದು ಗೊತ್ತು.
ಬೆಂಕಿಕಡ್ಡಿಗಳಲ್ಲಿ ಲೆಕ್ಕ.
ಎಪ್ಪತ್ತು ಆಯಿತು. ಒಂಟೆ ಒಂಬತ್ತು.
ಎಸೆಯುತ್ತೇನೆ.