ಬೇಯಿಸದ ಅನ್ನ

ಚಾಮರಾಜಪೇಟೆ, ಐದನೇ ಮೇನು.
ರಾತ್ರಿ ಎರಡಕ್ಕೆ ಮನೆ ತುಂಬ
ಬಾಸುಮತಿ ಬೆಂದ ಘಮ.
ಒಲೆ ತಣ್ಣಗಿದೆ. ಡಬ್ಬಿಯಲ್ಲಿರುವುದು
ರೇಷನ್ ಅಕ್ಕಿ.

"ಅವೇಳೆಯಲ್ಲಿ ಅಡುಗೆ ಮಾಡ್ಬೇಡಿ"
ಅಂದಿದ್ದರು ಕೆಳಗಿನ ಓನರ್ ಪಂಕಜಾಕ್ಷಮ್ಮ.
ನಾನಲ್ಲ ಅಂದಿದ್ದೆ.

ಸ್ಟೂಲು ಹಾಕಿ, ಮೊಬೈಲ್ ಬೆಳಕು ಹಿಡಿದು
ಅಟ್ಟಕ್ಕೆ ತಲೆ ತೂರಿದರೆ
ಅವರದೇ ದಸರಾ ಬೊಂಬೆಗಳ ಟ್ರಂಕಿನ ಹಿಂದೆ
ಕಾಡಿಗೆ ಮೆತ್ತಿದ ಮುಖ, ರೆಪ್ಪೆ ಮಿಟುಕಿಸದೆ.
ಪುನುಗು ಬೆಕ್ಕು.
ಹೊಟ್ಟೆಯಡಿ ಪಟ್ಟದ ರಾಣಿಯ ಜರಿಸೀರೆ,
ಮೇಲೆ ಕಣ್ಣು ತೆರೆಯದ ಮೂರು ಮರಿ.

ಅದೂ ಉಸಿರಾಡಲಿಲ್ಲ, ನಾನೂ.
ಹಂಚು ಸರಿದ ಸಂದಿಯಲ್ಲಿ
ಪಕ್ಕದ ಹಲಸಿನ ಒಂದು ಎಲೆ.

ಅಗ್ರಿಮೆಂಟಲ್ಲಿ ಬರೆದಿರುವುದು
ಒಬ್ಬರೇ ಇರತಕ್ಕದ್ದು ಅಂತ.

ಬೆಳಿಗ್ಗೆ ನಲ್ಲಿಯ ಹತ್ತಿರ ಮತ್ತೆ:
"ರಾತ್ರಿ ಅನ್ನಕ್ಕಿಟ್ಟಿದ್ರಾ?"
"ಹೌದು," ಅಂದೆ,
"ಯಾಕೋ ಹಸಿವಾಗಿತ್ತು."