ಎಡಗೈ ಅಲ್ಲಾಡಿಸಬೇಡ

ಮೊದಲು ತೂಕ ನೋಡು. ಕಥೆಯದಲ್ಲ, ಪುಸ್ತಕದ್ದು.
ಎಡಗೈಗೆ ಸೂಜಿ ಚುಚ್ಚಿದ ಮೇಲೆ
ಹಾಳೆ ತಿರುವಲು ಉಳಿಯುವುದು ಒಂದೇ ಕೈ.
ಗಟ್ಟಿ ರಟ್ಟಿನದು ಜಾರಿ ನಳಿಗೆಯ ಮೇಲೆ ಬಿತ್ತೋ
ಯಂತ್ರ ಕಿರುಚಿಕೊಳ್ಳುತ್ತದೆ, ಎತೇರಿ ಓಡಿಬರುತ್ತಾಳೆ.
ಇದು ಒಂಬತ್ತು ವರ್ಷದ ಡಯಾಲಿಸಿಸ್, ವಿಮರ್ಶೆಯಲ್ಲ.

ಈ ತೆಳ್ಳನೆಯದರಿಂದ ಶುರುಮಾಡು.
ಗಣಿ ಮುಚ್ಚಿದ ಊರು, ನಿಂತುಹೋದ ರೋಪ್‌ವೇ,
ಅದರ ಗಾಲಿಗೆ ದಿನಾ ಎಣ್ಣೆ ಹಾಕುವ ಹೆಂಗಸು.
ಯಾರೂ ಸಾಯುವುದಿಲ್ಲ. ಯಾರೂ ಕೂಡುವುದೂ ಇಲ್ಲ.
ಮೊದಲ ನಲವತ್ತು ಪುಟ ಬರೀ ಆಕಳಿಕೆ;
ಆಮೇಲೆ ಮೂರು ರಾತ್ರಿ ನಾನೇ ಎದ್ದೆದ್ದು
ನನ್ನ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟೆ.

ಇನ್ನೊಂದು, ಪಿಯಾನೋ ಪಾಲುಮಾಡಿಕೊಂಡ ಅಣ್ಣತಮ್ಮಂದಿರದು.
ಟಿಬಿಲಿಸಿಯೆಲ್ಲ ಹೊಗಳಿತು. ನನಗೆ ಹಿಡಿಸಲಿಲ್ಲ.
ಆದರೂ ಓದು: ತಾಯಿ ಪರ್ಸಿಮನ್ ಹಣ್ಣು ಸುಲಿದು
ದಾರಕ್ಕೆ ಪೋಣಿಸಿ ಬಾಲ್ಕನಿಯಲ್ಲಿ ತೂಗುಹಾಕುವ
ಎರಡು ಪುಟ ಇದೆ, ನೂರ ಮೂವತ್ತರ ಆಸುಪಾಸು.
ನಮಗದು ತಿನ್ನುವಂತಿಲ್ಲವಲ್ಲ, ಪೊಟ್ಯಾಸಿಯಂ.
ನಾಲಿಗೆಯ ಮೇಲೆ ಬಹಳ ಹೊತ್ತು ಉಳಿಯಿತು.
ರಕ್ತಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ.

ಎಡಗೈ, ತೇಕ್ಲ. ಹೇಳಿದೆನಲ್ಲ.

ಮರೆಯಬಾರದ್ದು ಮೂರನೆಯದು.
ಅದು ನನ್ನ ಬಳಿ ಇಲ್ಲ.

ನೀನು ಒರಗಿರುವ ಕುರ್ಚಿಯಲ್ಲಿ ಬಾದ್ರಿ ಇದ್ದ,
ಗ್ಲದಾನಿ ಬಸ್ಸಿನ ಡ್ರೈವರು. ಕಾದಂಬರಿ ಕಂಡರೆ
"ಸುಳ್ಳಿಗೆ ಇಷ್ಟೊಂದು ಕಾಗದವೇ?" ಎನ್ನುತ್ತಿದ್ದ.
ಒಂದು ಗುರುವಾರ ನನಗೆ ಜೋಂಪು ಹತ್ತಿದಾಗ
ಬಲಗೈ ಚಾಚಿ ಹೊಟ್ಟೆಯ ಮೇಲಿಂದ ಎತ್ತಿಕೊಂಡ.
ಕಣ್ಣುಬಿಟ್ಟರೆ ಅವನ ತುಟಿ ಅಲ್ಲಾಡುತ್ತಿದೆ,
ಕೇಳಿದರೆ ಕೊಡಲೊಲ್ಲ.
ಶನಿವಾರ ಬರಲಿಲ್ಲ. ಅಕ್ಕನ ಕಿಡ್ನಿ ಹೊಂದಿತ್ತಂತೆ;
ದೃಷ್ಟಿಯಾದೀತೆಂದು ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಖುಷಿಯಾಯಿತು. ಎತೇರಿ ಎದುರು ಅತ್ತೆ ಕೂಡ.
ಮನೆ ಸೇರಿದ ಮೇಲೆ ನೆನಪಾಯಿತು:
ನನ್ನ ಗುರುತಿನ ಚೀಟಿ ನೂರ ಹನ್ನೆರಡರಲ್ಲಿತ್ತು.

ಕೋರ್ಟಿನ ಬೆರಳಚ್ಚುಗಾರ್ತಿಯೊಬ್ಬಳು
ಸಾಕ್ಷಿಯ ಮಾತಿನಲ್ಲಿ ಒಂದೇ ಒಂದು ಪದ ಬದಲಿಸುತ್ತಾಳೆ.
ಒಬ್ಬನ ಬಿಡುಗಡೆಯಾಗುತ್ತದೆ.
ಇಪ್ಪತ್ತು ವರ್ಷದ ಮೇಲೆ ಆತ ಐದು ಮಹಡಿ ಹತ್ತಿ
ಅವಳ ಬಾಗಿಲ ಮುಂದೆ ಏದುಸಿರು ಬಿಡುತ್ತ ನಿಂತಿದ್ದಾನೆ.
ಕೈ ಎತ್ತಿದ್ದಾನೆ.
ತಟ್ಟಲಿಕ್ಕೋ, ಹೊಡೆಯಲಿಕ್ಕೋ.
ಅಷ್ಟಕ್ಕೇ ನನಗೆ ನಿದ್ದೆ ಬಂದಿತ್ತು, ನೋಡು.

ಅಂಗಡಿಯಲ್ಲಿ ಇನ್ನೊಂದು ಪ್ರತಿ ಇದೆ, ಗೊತ್ತು. ಕೊಳ್ಳಲಿಲ್ಲ.
ಬಾದ್ರಿ ಮತ್ತೆ ಬಸ್ಸು ಹತ್ತಿದ್ದಾನಂತೆ,
ನೀನೂ ಆ ಕಡೆಯವಳು.
ಸಿಕ್ಕರೆ ಇಸಿದುಕೋ, ಪೂರ್ತಿ ಓದು,
ಕೊನೆಯ ಸಾಲು ಇಷ್ಟವಾದರೆ ಎರಡು ಸಲ ಓದು.
ನನ್ನ ಚೀಟಿಯನ್ನು ಮಾತ್ರ
ಅಲ್ಲಿಂದ ಕದಲಿಸಬೇಡ.